ಚಲನ ಹೆಸರು ಪಟ್ಟಿಯಲ್ಲಿದ್ದ ಬೇಸಿಗೆ

ರೇಷ್ಮೆಹುಳು ಸಾಕುವ ಮನೆಗೆ ಅದರದೇ ಒಂದು ವಾಸನೆ ಇರುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹಸಿ, ಹುಳುವಿನ ಹಿಕ್ಕೆ, ನೆಲಕ್ಕೆ ಎರಚಿದ ಸುಣ್ಣ ಎಲ್ಲ ಸೇರಿದ್ದು. ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಹೋದ ತಿಂಗಳು, ಈಗ ನನಗೆ ವರ್ಗವಾಗಿರುವ ಶ್ರೀನಿವಾಸಪುರದ ಹತ್ತಿರದ ಊರಿನಲ್ಲಿ ಮತದಾರರ ಪಟ್ಟಿ ಹಿಡಿದುಕೊಂಡು ಮನೆಮನೆ ಸುತ್ತುತ್ತಿದ್ದಾಗ, ಒಬ್ಬರ ಹಿತ್ತಿಲಿನಿಂದ ಆ ವಾಸನೆ ಬಂತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಅವರ ಜಗಲಿಯ ಮೇಲೆ ಕೂತುಬಿಟ್ಟೆ. ಮನೆಯಾಕೆ ಬಿಸಿಲಿಗೆ ತಲೆ ಸುತ್ತು ಬಂದಿರಬೇಕೆಂದು ಓಡಿಹೋಗಿ ನೀರು ತಂದರು. ಕುಡಿದೆ. ಬಿಸಿಲಿನದೇನೂ ತಪ್ಪಿರಲಿಲ್ಲ. ಆ ವಾಸನೆ ಬಂದರೆ ನನಗೆ ಎಲೆಕ್ಟ್ರಿಕ್ ಗಿಟಾರು ಕೇಳಿಸುತ್ತದೆ, ಏನು ಮಾಡಲಿ.

ನಾನು ಪ್ರಾಥಮಿಕ ಶಾಲೆಯ ಟೀಚರು. ಪಾಠದ ಜೊತೆಗೆ ನನ್ನ ತಲೆಗೆ ಕಟ್ಟಿದ ಇನ್ನೊಂದು ಕೆಲಸವೆಂದರೆ ಬಿ.ಎಲ್.ಒ. ಒಂದು ಮತಗಟ್ಟೆಗೆ ಸೇರಿದ ಪಟ್ಟಿಯನ್ನು ಸರಿಯಾಗಿ ಇಟ್ಟುಕೊಳ್ಳುವವಳು ಅಂತ ಅರ್ಥ. ಹದಿನೆಂಟು ತುಂಬಿದವರನ್ನು ಸೇರಿಸಬೇಕು. ಊರು ಬಿಟ್ಟವರನ್ನು, ತೀರಿಕೊಂಡವರನ್ನು ತೆಗೆಯಬೇಕು. ಬಹಳ ಜನ ಟೀಚರುಗಳು ಇದನ್ನು ಬೈದುಕೊಂಡು ಮಾಡುತ್ತಾರೆ. ನಾನು ಬೈದುಕೊಳ್ಳುತ್ತಿರಲಿಲ್ಲ, ಸ್ವಲ್ಪ ಜಂಬವೇ ಇತ್ತು. ನನ್ನ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿ ಎಂದು ತಾಲ್ಲೂಕು ಕಚೇರಿಯಲ್ಲಿ ಎದೆ ತಟ್ಟಿ ಹೇಳಿದವಳು ನಾನು. ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಪಕ್ಕದ ಊರಿನಲ್ಲಿ ಒಂಬತ್ತು ವರ್ಷ ಹಾಗೆ ಮೆರೆದೆ. ಹತ್ತನೆಯ ವರ್ಷ ವಿಧಾನಸಭೆ ಚುನಾವಣೆ ಬಂತು, ಆ ಜಂಬ ಇಳಿಯಿತು.

ಚಲನ ಪರಿಚಯವಾದದ್ದು ಜಗಳದಿಂದ. ಆ ಊರಿಗೆ ಹೋದ ಹೊಸತು, ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ನನ್ನ ಬಾಡಿಗೆ ಮನೆಯ ಹಿಂದೆ ರಾಮಕ್ಕನವರ ಹುಳುಮನೆ. ಅಲ್ಲಿಂದ ಗೋಡೆ ಅದುರುವಂಥ ಸದ್ದು ಶುರುವಾಯಿತು. ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಹೋದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಸುತ್ತಲೂ ಗೋಡೆಗೆ ಒರಗಿಸಿ, ನಡುವೆ ನಾಲ್ಕು ಜನ ಗಿಟಾರು, ಡ್ರಮ್ಸು ಇಟ್ಟುಕೊಂಡು ನಿಂತಿದ್ದರು. ಮುಂದೆ ನಿಂತವನಿಗೆ ಭುಜದವರೆಗೆ ಕೂದಲು. ಕಾಲಿಗೆ ನರಸಾಪುರದ ಕಂಪನಿಯ ಯೂನಿಫಾರ್ಮ್ ಪ್ಯಾಂಟು.

“ಈ ಊರಲ್ಲಿ ಮನುಷ್ಯರು ಇದಾರೆ ಅಂತ ಗೊತ್ತಿದ್ಯೇನ್ರೀ ನಿಮಗೆ?” ಎಂದೆ.

“ಗೊತ್ತಕ್ಕ. ಹುಳ ಇದ್ದಾಗ ನಾವು ಬಾರ್ಸಲ್ಲ. ಸದ್ದು ಹುಳಕ್ಕೆ ಆಗಲ್ಲ ಅಂತಾಳೆ ನಮ್ಮಮ್ಮ. ಮೊನ್ನೆ ಗೂಡು ಮಾರಾಯ್ತು, ಮನೆ ಖಾಲಿ.”

“ಹುಳಕ್ಕೆ ಆಗಲ್ಲ, ಟೀಚರಿಗೆ ಆಗುತ್ತಾ?”

“ಒಂದ್ ಹಾಡು ಕೇಳ್ಬಿಟ್ಟು ಬೈಯಿರಿ ಅಕ್ಕ” ಎಂದ.

ಆರು ಹಾಡು ಕೇಳಿದೆ. ಬೈಯುವುದು ಮರೆತೇಹೋಯಿತು. ಸಾರಿಗೆ ಸೊಪ್ಪು ಬಿಡಿಸುತ್ತ ಹೊರಗೆ ಕೂತಿದ್ದ ರಾಮಕ್ಕ, “ಏಮಮ್ಮಾ ಟೀಚರಮ್ಮಾ, ನೀನಾದ್ರೂ ಬೈತೀಯ ಅಂತ ಕಾದಿದ್ನಲ್ಲಾ” ಎಂದು ನನ್ನನ್ನೇ ಬೈದರು. ಮಗನನ್ನು ಊರಿಗೆಲ್ಲ ದೂರುತ್ತಿದ್ದರು, ಆದರೆ ಹೊಸ ಹುಳುಮರಿ ತರುವುದನ್ನು ಅವನ ಕಾರ್ಯಕ್ರಮ ನೋಡಿಕೊಂಡು ನಾಲ್ಕು ದಿನ ಮುಂದೂಡುತ್ತಿದ್ದವರೂ ಅವರೇ.

ಚಲಪತಿ ಅಂತ ಅವನ ಪೂರ್ತಿ ಹೆಸರು. ಜನಕ್ಕೆ ಚಲ. ಕೋಲಾರದ ಕಾಲೇಜುಗಳಲ್ಲಿ, ಮಾಲೂರಿನ ಗಣೇಶನ ಪೆಂಡಾಲುಗಳಲ್ಲಿ, ಮುಳಬಾಗಿಲಿನ ಮೈದಾನದಲ್ಲಿ ಅವನು ಗಿಟಾರು ಎತ್ತಿಕೊಂಡರೆ “ಚಲಾ, ಚಲಾ” ಎಂದು ಕೂಗು ಏಳುತ್ತಿತ್ತು. ಬ್ಯಾಂಡಿನ ಹೆಸರು ಕೋಡಿ. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮ ಕಡೆಯ ಮಾತು ಹೇಗಿದೆಯೋ ಹಾಗೇ ಹಾಡುತ್ತಿದ್ದ. ‘ನೀರಿಲ್ಲದ ಕೆರೆಗೂ ಕೋಡಿ ಐತೆ ಕಣೋ’ ಎಂದು ಎತ್ತಿಕೊಂಡರೆ ಮುದುಕರೂ ಬಾಯಿ ಸೇರಿಸುತ್ತಿದ್ದರು. ಅವನ ದನಿ ಇಂಪಲ್ಲ. ಗಂಟಲಿನೊಳಗೆ ಮರಳು ಇಟ್ಟುಕೊಂಡವನ ದನಿ ಅದು. ನಲವತ್ತು ದಾಟಿದ ನಾನು, ಬೆಳಿಗ್ಗೆ ಭಜನೆ ಕೇಳಿ ಬೆಳೆದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕಾರ್ಯಕ್ರಮದಲ್ಲಿ ಸ್ಪೀಕರಿನ ಪಕ್ಕವೇ ನಿಲ್ಲುತ್ತಿದ್ದೆ. ನಮ್ಮ ಹೆಡ್ಮಾಸ್ಟರು ಇದನ್ನು ಕಂಡು ಬಹಳ ದಿನ ನಕ್ಕರು. ನಗಲಿ ಎಂದು ಬಿಟ್ಟೆ.

ಆ ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಪಟ್ಟಿಯ ಪರಿಷ್ಕರಣೆ ಬಂತು. ರಾಮಕ್ಕನ ಮನೆಗೆ ಹೋದಾಗ ಚಲ ನೈಟ್ ಶಿಫ್ಟ್ ಮುಗಿಸಿ ಬಂದು ಮುದ್ದೆ ಉಣ್ಣುತ್ತಿದ್ದ. ಪಟ್ಟಿಯಲ್ಲಿ ಅವನ ಹದಿನೆಂಟನೆಯ ವಯಸ್ಸಿನ ಫೋಟೋ ಇತ್ತು. ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ ಪಾಪದ ಹುಡುಗ. ತೋರಿಸಿ ನಕ್ಕೆ. ಅವನೂ ನಕ್ಕ. ಮಾತಿಗೆ ಮಾತು ಬಂದು, ಹದಿನಾರು ವರ್ಷದಿಂದ ಹೆಸರಿದ್ದರೂ ಅವನು ಒಂದು ಸಲವೂ ಓಟು ಹಾಕಿಲ್ಲವೆಂದು ಗೊತ್ತಾಯಿತು.

“ನಂದೊಂದ್ ಓಟಿಂದ ಏನಾಗುತ್ತಕ್ಕ? ಯಾರ್ ಬಂದ್ರೂ ಕಂಪನಿ ಬಸ್ಸು ಐದು ಗಂಟೆಗೇ ಬರೋದು” ಎಂದ.

ನನಗೆ ಸಿಟ್ಟು ಬಂತು. “ಕೆರೆ ಕಾಲುವೆ ಮುಚ್ಚಿ ಸೈಟ್ ಮಾಡಿದ್ರು ಅಂತ ಮೈಕಲ್ಲಿ ಕಿರಿಚ್ತೀಯಲ್ಲೋ. ಸಾವಿರ ಜನರ ಮುಂದೆ ಕಿರಿಚೋಕೆ ಬರುತ್ತೆ. ಒಬ್ಬನೇ ಒಳಗೆ ಹೋಗಿ ಸದ್ದಿಲ್ದೆ ಒಂದ್ ಬಟನ್ ಒತ್ತೋಕೆ ಏನೋ ರೋಗ ನಿನಗೆ?”

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಅವನಿಗೆ ನೋವಾಯಿತೇನೋ ಎಂದು ಆ ದಿನವೆಲ್ಲ ನನಗೆ ಕಸಿವಿಸಿ.

ಸಂಕ್ರಾಂತಿ ಕಳೆದ ಮೇಲೆ ಮತದಾನ ಜಾಗೃತಿಗೆ ಒಂದು ಹಾಡು ಮಾಡಿಕೊಡೆಂದು ಅಧಿಕಾರಿಗಳು ಅವನನ್ನು ಕೇಳಿದರು. ನನ್ನನ್ನೂ ಜೊತೆಗೆ ಕರೆದಿದ್ದರು, ನಾನು ಹೇಳಿದರೆ ಕೇಳುತ್ತಾನೆಂದು. ಚಲ ಕೈ ಕಟ್ಟಿಕೊಂಡು ನಿಂತು ಹೇಳಿದ: “ನಾನೇ ಒಂದ್ ಸಲಾನೂ ಹಾಕಿಲ್ಲ ಸಾರ್. ಹಾಕಿ ಅಂತ ಊರಿಗೆಲ್ಲ ಹೆಂಗ್ ಹಾಡ್ಲಿ? ಈ ಸಲ ಮೊದ್ಲು ಹಾಕ್ತೀನಿ. ಹಾಡು ಆಮೇಲೆ.” ಚುನಾವಣೆ ಮುಗಿದ ಮೇಲೆ ಜಾಗೃತಿ ಹಾಡು ಯಾರಿಗೆ ಬೇಕು? ಅವರು ಬೇರೆ ಯಾರಿಂದಲೋ ಒಂದು ಹಾಡು ಮಾಡಿಸಿ ಆಟೋದಲ್ಲಿ ಹಾಕಿದರು. ಅದನ್ನು ಕೇಳಿ ಯಾರಿಗೆ ಜಾಗೃತಿಯಾಯಿತೋ ನಾನರಿಯೆ.

ಆದರೆ ಚಲ ಮಾತಿಗೆ ನಿಂತ. ಅಷ್ಟು ಗಂಭೀರವಾಗಿ ಓಟಿಗೆ ತಯಾರಾದವರನ್ನು ನಾನು ನೋಡಿಲ್ಲ. ಶಾಲು ಹೊದ್ದು ಕೈ ಮುಗಿದು ಬಂದ ಪ್ರತಿಯೊಬ್ಬರನ್ನೂ ಅವನು ಮೂರು ಪ್ರಶ್ನೆ ಕೇಳುತ್ತಿದ್ದ. ಕಾಲುವೆ ತೆರೆಸುತ್ತೀರಾ, ಯಾವಾಗ, ಇಷ್ಟು ದಿನ ಯಾಕೆ ತೆರೆಸಲಿಲ್ಲ. ಹಿಂಬಾಲಕರು ಸೆಲ್ಫಿಗೆ ಹಲ್ಲು ಕಿರಿಯುತ್ತಿದ್ದರು, ಅವನು ನಗದೆ ಉತ್ತರಕ್ಕೆ ಕಾಯುತ್ತಿದ್ದ. ಸಂಜೆ ನನ್ನ ಮನೆಯ ಮುಂದೆ ನಿಂತು, “ಅಕ್ಕ, ಇವತ್ತು ಬಂದೋರು ಎರಡನೇ ಪ್ರಶ್ನೆಗೇ ಕಾರ್ ಹತ್ತಿದ್ರು” ಎಂದು ವರದಿ ಒಪ್ಪಿಸುತ್ತಿದ್ದ. ಯಾರಿಗೆ ಹಾಕುತ್ತೀಯೆಂದು ನಾನು ಕೇಳಲಿಲ್ಲ. “ಇನ್ನೂ ಟೈಮಿದೆ, ನೋಡ್ತಿದೀನಿ” ಎಂದು ತಾನಾಗಿ ಹೇಳುತ್ತಿದ್ದ.

ಟೈಮಿರಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತವನು ತಾಯಲೂರು ಬಂದರೂ ಏಳಲಿಲ್ಲ. ನಿದ್ದೆ ಎಂದುಕೊಂಡು ಡ್ರೈವರು ಎರಡು ಸಲ ಹಾರ್ನ್ ಮಾಡಿದನಂತೆ. ಹೃದಯ ನಿಂತುಹೋಗಿತ್ತು. ಮೂವತ್ತನಾಲ್ಕು ವರ್ಷ. ಹುಳುಮನೆಯ ಮುಂದೆ ಅವನನ್ನು ಮಲಗಿಸಿದಾಗ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರಿಂದ ರಸ್ತೆ ತುಂಬಿತ್ತು. ಯಾರೂ ಅವನ ಹೆಸರು ಕೂಗಲಿಲ್ಲ.

ಆಮೇಲೆ ನನ್ನ ಕೆಲಸ ಉಳಿದಿತ್ತು. ತೀರಿಕೊಂಡವರ ಮನೆಯವರಿಂದ ಏಳನೇ ನಮೂನೆ ತುಂಬಿಸಿ, ಹೆಸರು ತೆಗೆಸಬೇಕು. ಆ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾಲ್ಕು ಸಲ ರಾಮಕ್ಕನ ಮನೆಗೆ ಹೋದೆ. ನಾಲ್ಕು ಸಲವೂ ಕಾಫಿ ಕುಡಿದು ವಾಪಸು ಬಂದೆ. ಒಂದು ದಿನ ಅವರೇ ಹೇಳಿದರು: “ಕಂಪನಿಯೋರು ಬಂದು ಅವ್ನ ಐಡಿ ಕಾರ್ಡು ತಗೊಂಡೋದ್ರು. ರೇಷನ್ ಕಾರ್ಡಲ್ಲಿ ಹೆಸ್ರು ತೆಗೆದ್ರು. ಫೋನ್ ಮಾಡಿದ್ರೆ ನಂಬರೇ ಇಲ್ಲ ಅಂತಾಳೆ ಒಬ್ಳು. ನಿನ್ ಲಿಸ್ಟಲ್ಲಿ ಮಾತ್ರ ಇದಾನಲ್ಲಾಮ್ಮಾ. ಅಲ್ಲಾದ್ರೂ ಇರ್ಲಿ ಬಿಡು.”

ಬಿಟ್ಟೆ. ರಾಮಕ್ಕ ಕೇಳಿದರೆಂದು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಅವನ ಹೆಸರಿನ ಮುಂದೆ ಮೃತ ಎಂಬ ಪದ ಬರೆಯಲು ನನಗೇ ಮನಸ್ಸಿರಲಿಲ್ಲ. ಹೆಸರು ತೆಗೆಸುವ ಅವಧಿ ಮುಗಿಯಿತು. ಹಾಗಾದರೂ ಇನ್ನೊಂದು ದಾರಿ ಇತ್ತು. ಊರಲ್ಲಿಲ್ಲದವರು, ತೀರಿಕೊಂಡವರ ಹೆಸರು ಬರೆದು ಮತಗಟ್ಟೆಯ ಅಧಿಕಾರಿಗೆ ಒಂದು ಪಟ್ಟಿ ಕೊಡುತ್ತೇವೆ, ಆ ಹೆಸರಿನಲ್ಲಿ ಬೇರೆ ಯಾರೂ ಓಟು ಹಾಕದಿರಲಿ ಎಂದು. ಅದರಲ್ಲಿಯೂ ನಾನು ಅವನನ್ನು ಬರೆಯಲಿಲ್ಲ. ವೋಟರ್ ಸ್ಲಿಪ್ ಹಂಚುವಾಗ ಅವನದನ್ನು ಕಚೇರಿಗೆ ಹಿಂದಕ್ಕೆ ಕೊಡಬೇಕಿತ್ತು. ರಾಮಕ್ಕ ಅದನ್ನು ಕೈಯಲ್ಲಿ ಹಿಡಿದು, “ಇದು ನನ್ಹತ್ರ ಇದ್ರೆ ತಪ್ಪೇನಮ್ಮಾ?” ಎಂದರು. ತಪ್ಪು ಎನ್ನಬೇಕಿತ್ತು. ಇಟ್ಕೊಳ್ಳಿ ಎಂದೆ. ಎದೆ ತಟ್ಟಿಕೊಂಡವಳು ಒಂದೇ ಹೆಸರಿಗೆ ಮೂರು ತಪ್ಪು ಮಾಡಿದ್ದೆ, ಅದೂ ತಿಳಿದೂ ತಿಳಿದೂ.

ಮತದಾನದ ದಿನ ಮೇ ತಿಂಗಳ ಬಿಸಿಲು. ನಮ್ಮ ಶಾಲೆಯೇ ಮತಗಟ್ಟೆ. ಶಾಮಿಯಾನದ ಕೆಳಗೆ ಟೇಬಲು ಹಾಕಿಕೊಂಡು ಬಂದವರಿಗೆ ಕ್ರಮಸಂಖ್ಯೆ ಹುಡುಕಿಕೊಡುವುದು ನನ್ನ ಪಾಲಿನದು. ಮಧ್ಯಾಹ್ನ ಎರಡರ ಹೊತ್ತಿಗೆ ಸಾಲು ತೆಳ್ಳಗಾಯಿತು. ಗೇಟಿನಿಂದ ಒಬ್ಬ ಒಳಗೆ ಬಂದ. ಭುಜದವರೆಗೆ ಕೂದಲು, ಗಡ್ಡ, ಎದೆಯ ಮೇಲೆ ಕೋಡಿ ಎಂದು ಬರೆದ ಕಪ್ಪು ಟೀ ಶರ್ಟು. ಚಲ ಎಂದುಕೊಂಡು ಎದ್ದು ನಿಂತೆ. ಹತ್ತಿರ ಬಂದ ಮೇಲೆ ನೋಡಿದರೆ ನಾಗೇಶ. ಚಲನ ಬ್ಯಾಂಡಿನಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದವನು, ಕಂಪನಿಯಲ್ಲೂ ಅವನ ಪಕ್ಕದಲ್ಲೇ ನಿಂತು ದುಡಿದವನು. ಶರ್ಟು ಚಲನದು.

“ನೀನೇನೋ ಇಲ್ಲಿ? ನಿನ್ನ ಓಟು ಮಾಲೂರು ಕಡೆ ಅಲ್ವಾ?” ಎಂದೆ.

ಅವನು ಅಂಗೈ ಬಿಚ್ಚಿದ. ಚಲನ ಸ್ಲಿಪ್ಪು, ಚಲನ ಓಟರ್ ಕಾರ್ಡು.

“ನಂದ್ ಹಾಕೋಕಲ್ಲ ಅಕ್ಕ. ಅವಂದು. ಈ ಸಲ ಹಾಕೇ ಹಾಕ್ತೀನಿ ಅಂತಿದ್ನಲ್ಲ. ಅವರಮ್ಮನ್ನ ಕೇಳಿ ಇಸ್ಕೊಂಡ್ ಬಂದೆ.”

“ನಿಂದು ಹಾಕಿದ್ಯಾ?”

“ಇಲ್ಲ. ಬೆರಳಿಗೆ ಇಂಕಾದ್ರೆ ಇಲ್ಲಿ ಬಿಡಲ್ಲ ಅಲ್ವಾ? ನಂದ್ ಹೋದ್ರೆ ಹೋಗ್ಲಿ.”

ಕಳ್ಳ ಓಟು ಎಂದರೆ ದುಡ್ಡಿಗೋ ಪಕ್ಷಕ್ಕೋ ಹಾಕುತ್ತಾರೆಂದು ಕೇಳಿದ್ದೆ. ಪ್ರೀತಿಗೆ ಹಾಕಲು ಬಂದವನನ್ನು, ಅದಕ್ಕಾಗಿ ತನ್ನದನ್ನೇ ಬಿಟ್ಟುಬಂದವನನ್ನು ಆವತ್ತೇ ನೋಡಿದ್ದು. ಬಾಗಿಲಲ್ಲಿ ಟೀ ಕುಡಿಯುತ್ತಿದ್ದ ಎರಡು ಪಕ್ಷದ ಏಜೆಂಟರೂ ಇದನ್ನು ಕೇಳಿಸಿಕೊಂಡರು. ಬೆಳಿಗ್ಗೆ ಕುರ್ಚಿ ಎಲ್ಲಿ ಹಾಕಬೇಕೆಂದು ಕಿತ್ತಾಡಿದ್ದವರು ಅವರು.

“ಬಿಡಿ ಮೇಡಂ, ನಮ್ ಚಲಾಂದೇ ತಾನೇ. ನಮ್ ಕಡೆಯಿಂದ ಅಬ್ಜೆಕ್ಷನ್ ಇಲ್ಲ” ಎಂದ ಒಬ್ಬ.

“ನಮ್ ಕಡೆಯಿಂದಾನೂ ಇಲ್ಲ” ಎಂದ ಇನ್ನೊಬ್ಬ, ಕಣ್ಣು ಒರೆಸಿಕೊಳ್ಳುತ್ತ.

ಈಗ ನಿಜ ಹೇಳಿಬಿಡುತ್ತೇನೆ. ಮತಗಟ್ಟೆಯೊಳಗೆ ಅಧಿಕಾರಿಯೊಬ್ಬರು ಓಟು ಹಾಕಲು ಬಂದವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಚಲಪತಿ ಎಂದು ಅವರು ಕೂಗುವುದನ್ನು, ಅದಕ್ಕೆ ಯಾರಾದರೂ ಹೂಂ ಎನ್ನುವುದನ್ನು ಕೇಳಬೇಕೆಂದು ನನಗೆ ಬಹಳ ಆಸೆಯಾಯಿತು. ಎರಡು ತಿಂಗಳಿಂದ ಯಾರೂ ಆ ಹೆಸರು ಕೂಗಿರಲಿಲ್ಲ. ನಾನು ತಲೆ ತಗ್ಗಿಸಿ ಪಟ್ಟಿ ನೋಡುತ್ತ ಕೂತಿದ್ದರೆ ಸಾಕಿತ್ತು, ಅವನು ಒಳಗೆ ಹೋಗುತ್ತಿದ್ದ. ತಗ್ಗಿಸಿದೆ ಕೂಡ. ನಾಗೇಶ ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟ.

“ನಿಲ್ಲೋ” ಎಂದೆ. “ಯಾರಿಗೆ ಹಾಕ್ತೀಯ?”

ತಿರುಗಿದ. ಕೈಯಲ್ಲಿದ್ದ ಸ್ಲಿಪ್ಪು ನೋಡಿದ.

“ಗೊತ್ತಿಲ್ಲ ಅಕ್ಕ. ಯಾರಿಗೆ ಅಂತ ಅವ್ನು ಹೇಳ್ಲೇ ಇಲ್ಲ. ಇನ್ನೂ ನೋಡ್ತಿದೀನಿ ಅಂತಿದ್ದ.”

“ಮತ್ತೆ ಅವನ ಓಟು ಹೆಂಗೋ ಆಗುತ್ತೆ ಅದು? ಮೂರು ಪ್ರಶ್ನೆ ಕೇಳಿ, ಉತ್ತರ ತೂಗಿ, ಆಮೇಲೆ ಒತ್ತಬೇಕು ಅಂತಿದ್ದೋನು ಅವನು. ತೂಗೋನೇ ಇಲ್ಲ. ನೀನು ಬರೀ ಬೆರಳು ಕೊಟ್ರೆ ಆಯ್ತಾ? ಅವನ ಹೆಸರಲ್ಲಿ ಯಾವುದೋ ಒಂದು ಬಟನ್ ಒತ್ತಿ ಬರ್ತೀಯಾ?”

ಅವನು ಅಲ್ಲೇ ಶಾಮಿಯಾನದ ಕಂಬ ಹಿಡಿದು ಅತ್ತ. ನಾನೂ ಅತ್ತೆ, ಆದರೆ ಗಡಿಯಾರ ನೋಡಿಕೊಂಡು ಅತ್ತೆ. ಎರಡೂ ಕಾಲು. ಮಾಲೂರಿನ ಆಚೆ ಅವನ ಊರು, ಬೈಕಿನಲ್ಲಿ ಎರಡು ಗಂಟೆಯ ದಾರಿ.

“ಆರು ಗಂಟೆ ತನಕ ಇದೆ. ಹೋಗಿ ನಿಂದು ಹಾಕು. ಯಾರಿಗೆ ಅಂತ ದಾರೀಲಿ ಯೋಚ್ನೆ ಮಾಡ್ಕೋ. ನಿಧಾನಕ್ಕೆ ಹೋಗೋ, ನಿನ್ನನ್ನೂ ಕಳ್ಕೊಳ್ಳೋಕೆ ನನ್ ಕೈಲಾಗಲ್ಲ.”

ಸ್ಲಿಪ್ಪು, ಕಾರ್ಡು ಎರಡನ್ನೂ ನನ್ನ ಮೇಜಿನ ಮೇಲಿಟ್ಟು ಅವನು ಹೋದ. ನಾಲ್ಕೂವರೆಗೆ ಫೋನು ಬಂತು. “ಲೈನಲ್ಲಿದೀನಿ ಅಕ್ಕ. ಮುಂದೆ ಹತ್ತೇ ಜನ.”

ಅವನು ಹೋದ ಕೂಡಲೇ ನಾನು ಒಳಗೆ ಹೋಗಿದ್ದೆ. ಮತಗಟ್ಟೆಯ ಅಧಿಕಾರಿ ಬೇರೆ ಜಿಲ್ಲೆಯಿಂದ ಬಂದ ಲೆಕ್ಚರರು, ನಮ್ಮ ಊರು ಗೊತ್ತಿಲ್ಲದವರು. ತೀರಿಕೊಂಡವರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟಿದ್ದೇನೆ, ಮರೆತು ಬಿಟ್ಟದ್ದಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಇದು ನಿಮಗೇ ತೊಂದರೆ ಆಗುತ್ತೆ ಮೇಡಂ, ಗೊತ್ತಲ್ಲ?” ಎಂದರು. ಗೊತ್ತು ಎಂದೆ. ಮುಂದೆ ನೋಟಿಸು ಬಂತು, ತಪ್ಪು ಒಪ್ಪಿಕೊಂಡು ಉತ್ತರ ಬರೆದೆ, ಆ ಮಾತು ಬೇರೆ. ಅವರು ಪಟ್ಟಿಯ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು. “ಚಲಪತಿ. ವಯಸ್ಸು ಮೂವತ್ತನಾಲ್ಕು. ಮೃತ. ಸರಿನಾ?”

ಏಜೆಂಟರು ತಮ್ಮ ತಮ್ಮ ಹಾಳೆ ನೋಡುತ್ತಿದ್ದರು. ಹೌದು ಎಂದೆ. ಅವನು ತೀರಿಕೊಂಡನೆಂದು ನಾನು ಬಾಯಿಬಿಟ್ಟು ಒಪ್ಪಿದ್ದು ಅದೇ ಮೊದಲು.

ರಾಮಕ್ಕ ಓಟು ಹಾಕಲು ಬಂದದ್ದು ಐದು ಗಂಟೆಗೆ, ಡೈರಿಗೆ ಹಾಲು ಹಾಕಿ, ಕ್ಯಾನು ಕೈಯಲ್ಲಿ ಹಿಡಿದೇ. ಸೀದಾ ನನ್ನ ಮೇಜಿಗೆ ಬಂದರು.

“ನಾಗೇಶ ಹಾಕ್ದನೇನಮ್ಮಾ?”

ಇದಕ್ಕೆ ನಾನು ಮಧ್ಯಾಹ್ನದಿಂದ ಹೆದರಿಕೊಂಡು ಕೂತಿದ್ದೆ. ಇಡೀ ಊರು ನನ್ನನ್ನು ಬೈದರೂ ತಡೆದುಕೊಂಡೇನು, ಇವರು ಮಾತು ಬಿಟ್ಟರೆ ಆ ಊರಿನಲ್ಲಿ ನಾನಿರುವುದು ಸಾಧ್ಯವಿರಲಿಲ್ಲ.

“ಇಲ್ಲ ರಾಮಕ್ಕ. ನಾನೇ ವಾಪಸ್ ಕಳಿಸ್ದೆ. ಒಳಗೆ ಚಲನ ಹೆಸರ ಮುಂದೆ ಬರೆಸಿಬಿಟ್ಟೆ. ನನ್ನ ಬೈಯಬೇಕು ಅನ್ಸಿದ್ರೆ ಬೈದುಬಿಡಿ.”

ಅವರು ಬೈಯಲಿಲ್ಲ. ಕ್ಯಾನನ್ನು ನನ್ನ ಕಾಲ ಹತ್ತಿರ ಇಟ್ಟು, ತಮ್ಮ ಸ್ಲಿಪ್ಪನ್ನು ಸೊಂಟದಿಂದ ತೆಗೆದು, ಒಳಗೆ ಹೋದರು. ಅವರ ಹೆಸರು ಕೂಗಿದ್ದು ಕೇಳಿಸಿತು. ಪಟ್ಟಿಯಲ್ಲಿ ಅವರ ಮುಂದಿನ ಸಾಲೇ ಮಗನದು. ಬಹಳ ಹೊತ್ತು ಬರಲಿಲ್ಲ. ಕೊನೆಗೆ ಮಿಷನ್ನಿನ ಬೀಪ್ ಸದ್ದು ಕೇಳಿತು. ಶಾಯಿ ಸೀರೆಗೆ ಅಂಟದಂತೆ ಎಡಗೈ ಬೆರಳನ್ನು ಎತ್ತಿಹಿಡಿದುಕೊಂಡು ಹೊರಗೆ ಬಂದರು.

“ಹಾಕ್ದೆ” ಎಂದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. “ಒಬ್ರಿದಾರೆ ನೋಡು, ಅವ್ರಿಗೆ ಮಾತ್ರ ಹಾಕ್ಬೇಡಮ್ಮಾ ಅಂತ ಚಲ ದಿನಾ ತಲೆ ತಿಂತಿದ್ದ. ನಿಂತ್ಕೊಂಡು ಯೋಚ್ನೆ ಮಾಡ್ದೆ. ನಂಗ್ಯಾಕೋ ಅವ್ರೇ ಸರಿ ಅನ್ಸ್ತು. ಅವ್ರಿಗೇ ಹಾಕ್ದೆ.”

“ಯಾರಿಗೆ ಅಂತ ಹೇಳಬಾರದು ರಾಮಕ್ಕ” ಎಂದೆ.

“ಹೇಳಲ್ಲಮ್ಮಾ.” ಅವರು ನಕ್ಕರು. ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಇದ್ದಿದ್ರೆ ಇವತ್ತು ಮನೇಲಿ ದೊಡ್ಡ ಜಗಳ ಆಗ್ತಿತ್ತು. ನನ್ ಮಾತು ಮೀರಿ ಅವ್ರಿಗ್ಯಾಕ್ ಹಾಕ್ದೆ ಅಂತ ಕೂಗಾಡ್ತಿದ್ದ. ನಾನೂ ಬಿಡ್ತಿರ್ಲಿಲ್ಲ.”

ನಾನು ಅವರ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕೈ ಬಿಡಿಸಿಕೊಂಡು, ಕ್ಯಾನು ಎತ್ತಿಕೊಂಡು, ಜಗಳವಾಡಲು ಯಾರೂ ಇಲ್ಲದ ಮನೆಯ ಕಡೆ ನಡೆದರು.